ಉತಾರದಾಗ ಹೆಸರಿಲ್ಲ, ಹೊಲ ಅಲ್ಲೇ ಐತಿ: ಡಿಲೀಟ್ ಆದ ಫೈಲ್ ವಾಪಸ್ ತರೋದು ಹೇಗೆ?

ಇಂಟರ್ನಲ್ಸ್‌ಗೆ ಎರಡೇ ದಿನ ಉಳಿದಿತ್ತು. ಲ್ಯಾಬ್‌ನ ಒಂದು ಸಾಫ್ಟ್‌ವೇರ್ ಸೆಟಪ್ ಹಾಕಿಕೊಳ್ಳಬೇಕಿತ್ತು, ಪೋರ್ಟಬಲ್ ಹಾರ್ಡ್ ಡ್ರೈವ್ ತುಂಬಿ ತುಳುಕುತ್ತಿತ್ತು. ಯಾವುದಾದರೂ ಒಂದು ಫೋಲ್ಡರ್ ತೆಗೆದರಾಯ್ತು ಅಂದುಕೊಂಡು ಶಿಫ್ಟ್ ಮತ್ತು ಡಿಲೀಟ್ ಒಟ್ಟಿಗೆ ಒತ್ತಿದೆವು. ಆಮೇಲೆ 400 ಎಂಬಿಯಷ್ಟಿದ್ದ ಸೆಟಪ್ ಕಾಪಿ ಮಾಡಿದೆವು, ಹತ್ತು ಸೆಕೆಂಡೂ ಹಿಡಿಯಲಿಲ್ಲ. ಅಳಿಸಿದ ಫೋಲ್ಡರ್‌ನಲ್ಲಿ ಏನಿತ್ತು ಅಂತ ನೆನಪಾಗಿದ್ದು ಅದಾದ ಮೇಲೆ.

ಅದರಲ್ಲಿ ಇದ್ದದ್ದು 38 ಹಾಡು. ಜನವರಿಯಲ್ಲಿ, ಸಂಕ್ರಾಂತಿ ಮುಗಿದ ವಾರ, ನಮ್ಮ ಸಂಘದ ನಾಲ್ಕು ಜನ ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಗೆ ಹೋಗಿದ್ದೆವು. ನಮ್ಮಲ್ಲೊಬ್ಬರ ಅಜ್ಜಿಯ ಊರು ಅದು. ಅಜ್ಜಿ ಮತ್ತು ಪಕ್ಕದ ಮನೆ ಅಜ್ಜಿ ಎರಡು ದಿನ ಕೂತು ಬೀಸೋ ಕಲ್ಲಿನ ಪದ, ಸೋಬಾನೆ, ಜೋಗುಳ ಹಾಡಿದ್ದರು. ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿಗೆಲ್ಲಾ ಗೊತ್ತು. ಆ ತೊಟ್ಟಿಲ ಮುಂದೆ ಹಾಡೋ ಪದಗಳನ್ನ ಕೇಳಿದವರು ನಮ್ಮ ವಯಸ್ಸಿನಲ್ಲಿ ಎಷ್ಟು ಜನ ಇದ್ದಾರೆ? ಅದಕ್ಕೇ ರೆಕಾರ್ಡ್ ಮಾಡಿದ್ದು.

ರೆಕಾರ್ಡರ್ ಎರವಲು ತಂದದ್ದು, ಮೆಮೊರಿ ಕಾರ್ಡ್ ಖಾಲಿ ಮಾಡಿ ವಾಪಸ್ ಕೊಟ್ಟಿದ್ದೆವು. ಲ್ಯಾಪ್‌ಟಾಪ್‌ನಿಂದ ಡ್ರೈವ್‌ಗೆ ಹಾಕುವಾಗ ಕಾಪಿ ಮಾಡಿರಲಿಲ್ಲ, ಕಟ್ ಮಾಡಿ ಪೇಸ್ಟ್ ಮಾಡಿದ್ದೆವು. ಅಂದ್ರೆ ಲೋಕದಲ್ಲಿ ಆ ಹಾಡುಗಳ ಪ್ರತಿ ಇದ್ದದ್ದು ಒಂದೇ, ಅದನ್ನೇ ಅಳಿಸಿದ್ದೆವು. ಕೀ ಒತ್ತಿದ್ದು ಯಾರು ಅಂತ ಇಲ್ಲಿ ಬರೆಯೋದಿಲ್ಲ. ಒತ್ತಿದ್ದು ನಾವು.

ಮುಂದಿನ ಮೂರು ದಿನ ನಾವು ಓದಿದ್ದು, ಮಾಡಿದ್ದು, ಎಡವಿದ್ದು ಎಲ್ಲಾ ಈ ಪಾಠದಲ್ಲಿದೆ. ನಿಮಗೂ ಒಂದು ದಿನ ಬೇಕಾಗಬಹುದು, ಬೇಕಾಗದಿರಲಿ.

ಡಿಲೀಟ್ ಅಂದ್ರೆ ನಿಜಕ್ಕೂ ಏನಾಗುತ್ತೆ?

ಹೆದರಿಕೊಂಡೇ ಅಜ್ಜಿಗೆ ಫೋನ್ ಮಾಡಿ ಹೇಳಿದೆವು. "ಫೈಲ್ ಅಳಿಸೇವಿ ಅಜ್ಜಿ, ಆದ್ರ ಒಳಗ ಇನ್ನೂ ಇರಬಹುದಂತ" ಅಂದಾಗ ಅಜ್ಜಿ ಒಂಚೂರೂ ಗೊಂದಲ ಆಗದೆ ಹೇಳಿದ್ದು ಇಷ್ಟು: "ಅಷ್ಟ ಅಲ್ಲೇನು? ಉತಾರದಾಗ ಹೆಸರ ತಗದ್ರ ಹೊಲ ಎಲ್ಲೂ ಹೋಗೂದಿಲ್ಲ. ಬ್ಯಾರೇದವ್ರು ಬಂದು ಗಳೆ ಹೊಡಿಯೂ ಮಟಾ ನಿನ್ನ ಬೆಳಿ ಅಲ್ಲೇ ಇರ್ತೈತಿ."

ನಾವು ಓದಿದ ಯಾವ ಟ್ಯುಟೋರಿಯಲ್ ಕೂಡ ಇದನ್ನ ಇಷ್ಟು ಸರಿಯಾಗಿ ಹೇಳಿರಲಿಲ್ಲ. ನಮ್ಮ ಕಡೆ ಪಹಣಿಗೆ ಉತಾರ ಅಂತಾರೆ. ಹಾರ್ಡ್ ಡ್ರೈವ್‌ನಲ್ಲೂ ಎರಡು ಭಾಗ ಇರುತ್ತೆ. ಒಂದು ಹೊಲ, ಅಂದ್ರೆ ಡೇಟಾ. ಇನ್ನೊಂದು ಉತಾರ, ಅಂದ್ರೆ ಯಾವ ಫೈಲ್ ಎಲ್ಲಿಂದ ಶುರು, ಎಷ್ಟು ಉದ್ದ, ಹೆಸರೇನು ಅನ್ನೋ ಲೆಕ್ಕ. ಈ ಲೆಕ್ಕ ಇಡೋ ಪದ್ಧತಿಗೆ ಫೈಲ್ ಸಿಸ್ಟಮ್ ಅಂತಾರೆ. ಡಿಲೀಟ್ ಮಾಡಿದಾಗ ಕಂಪ್ಯೂಟರ್ ಮುಟ್ಟೋದು ಉತಾರವನ್ನ ಮಾತ್ರ.

ಲೆಕ್ಕ ಹಾಕಿ ನೋಡೋಣ. ನಮ್ಮ ಡ್ರೈವ್ 1 ಟಿಬಿ, ಫೈಲ್ ಸಿಸ್ಟಮ್ ಎಕ್ಸ್‌ಫ್ಯಾಟ್. ಹಾಡುಗಳು ವೇವ್ ಫೈಲ್‌ಗಳು. ಸೆಕೆಂಡಿಗೆ 44,100 ಸ್ಯಾಂಪಲ್, ಒಂದೊಂದು ಸ್ಯಾಂಪಲ್‌ಗೆ 2 ಬೈಟ್, ಸ್ಟೀರಿಯೋ ಆದ್ದರಿಂದ ಎರಡು ಚಾನೆಲ್. 44,100 × 2 × 2 = 1,76,400 ಬೈಟ್ ಪ್ರತಿ ಸೆಕೆಂಡಿಗೆ. ಆರು ನಿಮಿಷದ ಒಂದು ಪದಕ್ಕೆ ಸುಮಾರು 63.5 ಎಂಬಿ. ಇಷ್ಟು ದೊಡ್ಡ ಡ್ರೈವ್‌ನ ಎಕ್ಸ್‌ಫ್ಯಾಟ್‌ಗೆ ವಿಂಡೋಸ್ ತಾನಾಗಿ ಆರಿಸೋ ಕ್ಲಸ್ಟರ್ ಅಳತೆ 128 ಕೆಬಿ. ಕ್ಲಸ್ಟರ್ ಅಂದ್ರೆ ಒಂದು ತುಂಡು ಹೊಲ ಅಂದುಕೊಳ್ಳಿ. ಹಾಗಾದ್ರೆ ಒಂದು ಪದಕ್ಕೆ 485 ಕ್ಲಸ್ಟರ್ ಬೇಕು.

ಈಗ ಈ ಪದವನ್ನ ಅಳಿಸಿದರೆ ಎರಡು ಕಡೆ ಬದಲಾವಣೆ ಆಗುತ್ತೆ. ಮೊದಲನೆಯದು ಡೈರೆಕ್ಟರಿ ಎಂಟ್ರಿ. ಎಕ್ಸ್‌ಫ್ಯಾಟ್‌ನಲ್ಲಿ ಫೈಲ್ ಎಂಟ್ರಿಯ ಮೊದಲ ಬೈಟ್ 1000 0101 ಇರುತ್ತೆ. ಡಿಲೀಟ್ ಆದ ಮೇಲೆ ಅದು 0000 0101 ಆಗುತ್ತೆ. ನೋಡಿದ್ರಾ? ಎಡಗಡೆಯ ಒಂದೇ ಒಂದು ಬಿಟ್ ಬದಲಾಯ್ತು. ಅದರ ಜೊತೆಗಿರೋ ಎಂಟ್ರಿಗಳಲ್ಲೂ ಅದೇ ಬಿಟ್ ಸೊನ್ನೆ ಆಗುತ್ತೆ. ಹೆಸರು, ಉದ್ದ, ಮೊದಲ ಕ್ಲಸ್ಟರ್‌ನ ನಂಬರ್ ಹಾಗೇ ಉಳಿದಿರುತ್ತೆ. ಎರಡನೆಯದು ಬಿಟ್‌ಮ್ಯಾಪ್. ಪ್ರತಿ ಕ್ಲಸ್ಟರ್‌ಗೆ ಒಂದು ಬಿಟ್, ತುಂಬಿದ್ದರೆ 1, ಖಾಲಿ ಇದ್ದರೆ 0. ನಮ್ಮ ಪದದ 485 ಬಿಟ್‌ಗಳು 0 ಆಗುತ್ತವೆ. 485 ಬಿಟ್ ಅಂದ್ರೆ ಸುಮಾರು 61 ಬೈಟ್.

63.5 ಎಂಬಿ ಹಾಡು 'ಅಳಿಸೋಕೆ' ಬದಲಾಗಿದ್ದು ನೂರು ಬೈಟ್ ಕೂಡ ಅಲ್ಲ. ಅದಕ್ಕೇ ಕಾಪಿ ಮಾಡೋಕೆ ನಿಮಿಷಗಟ್ಟಲೆ ಹಿಡಿಯೋ ಫೋಲ್ಡರ್ ಡಿಲೀಟ್ ಆಗೋಕೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು.

ಬೇರೆ ಫೈಲ್ ಸಿಸ್ಟಮ್‌ಗಳಲ್ಲೂ ಕಥೆ ಇದೇ, ವಿವರ ಬೇರೆ. ಫ್ಯಾಟ್32ರಲ್ಲಿ ಎಂಟ್ರಿಯ ಮೊದಲ ಬೈಟ್ ಮೇಲೆ ಅಳಿಸಿದ ಗುರುತು ಬೀಳುತ್ತೆ, ಅದಕ್ಕೇ ವಾಪಸ್ ತಂದಾಗ ಹೆಸರಿನ ಮೊದಲ ಅಕ್ಷರ ಕೆಲವೊಮ್ಮೆ ಕಾಣೆಯಾಗಿರುತ್ತೆ. ಎನ್‌ಟಿಎಫ್‌ಎಸ್‌ನಲ್ಲಿ ಪ್ರತಿ ಫೈಲ್‌ಗೂ ಒಂದು ದಾಖಲೆ ಇರುತ್ತೆ, ಅದರ ಮೇಲಿನ 'ಬಳಕೆಯಲ್ಲಿದೆ' ಅನ್ನೋ ಗುರುತು ಹೋಗುತ್ತೆ.

ಗಳೆ ಹೊಡೆದವರು ನಾವೇ

ಬಿಟ್‌ಮ್ಯಾಪ್‌ನಲ್ಲಿ ಖಾಲಿ ಅಂತ ಬರೆದ ಮೇಲೆ ಆ ಜಾಗವನ್ನ ಯಾವ ಫೈಲ್‌ಗೆ ಬೇಕಾದರೂ ಕೊಡಬಹುದು. ಡ್ರೈವ್ ಅರ್ಧ ಖಾಲಿ ಇದ್ದಿದ್ದರೆ ನಮ್ಮ ಸೆಟಪ್ ಇನ್ನೆಲ್ಲೋ ಹೋಗಿ ಕೂರ್ತಿತ್ತೋ ಏನೋ. ಆದ್ರೆ ಡ್ರೈವ್ ತುಂಬಿತ್ತು. ಖಾಲಿ ಇದ್ದ ಜಾಗ ಅಂದ್ರೆ ನಾವು ಆಗಷ್ಟೇ ಖಾಲಿ ಮಾಡಿದ್ದೇ. ಸೆಟಪ್ ನೇರವಾಗಿ ಅಲ್ಲಿಗೇ ಬಂತು.

ಆದ್ದರಿಂದ ಈ ಇಡೀ ಪಾಠದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳಿ: ಡಿಲೀಟ್ ಮಾಡಿದಾಗ ಫೈಲ್ ಹೋಗೋದಿಲ್ಲ, ಡಿಲೀಟ್ ಮಾಡಿದ ಮೇಲೆ ನೀವು ಬರೆಯೋದರಿಂದ ಹೋಗುತ್ತೆ. ತಪ್ಪು ಗೊತ್ತಾದ ಕ್ಷಣವೇ ಡ್ರೈವ್ ಇಜೆಕ್ಟ್ ಮಾಡಿ, ಕೇಬಲ್ ಕೀಳಿ, ಪಕ್ಕಕ್ಕಿಡಿ. ರಿಕವರಿ ಸಾಫ್ಟ್‌ವೇರನ್ನ ಅದೇ ಡ್ರೈವ್‌ಗೆ ಇನ್‌ಸ್ಟಾಲ್ ಮಾಡೋದು ಎಲ್ಲರೂ ಮಾಡೋ ತಪ್ಪು. ಅದೂ ಗಳೆ ಹೊಡೆದ ಹಾಗೇ. ವಿಂಡೋಸ್ 'ಫಾರ್ಮ್ಯಾಟ್ ಮಾಡಲೇ?' ಅಂತ ಕೇಳಿದರೆ ಬೇಡ ಅನ್ನಿ. ಡಿಸ್ಕ್ ರಿಪೇರಿ, ಡಿಫ್ರಾಗ್ ಯಾವುದೂ ಬೇಡ.

ಮೊದಲು ಸುಲಭದ ಜಾಗ ಹುಡುಕಿ

ಪೆನ್‌ಡ್ರೈವ್‌ನಿಂದ ಅಳಿಸಿದ್ದು ಸಾಮಾನ್ಯವಾಗಿ ರೀಸೈಕಲ್ ಬಿನ್‌ಗೆ ಹೋಗೋದಿಲ್ಲ. ಆದ್ರೆ ಪೋರ್ಟಬಲ್ ಹಾರ್ಡ್ ಡ್ರೈವ್‌ಗೆ ಸಾಮಾನ್ಯವಾಗಿ ಅದರದ್ದೇ ಬಿನ್ ಇರುತ್ತೆ, ಡ್ರೈವ್ ಒಳಗೇ ಅಡಗಿದ ಫೋಲ್ಡರ್ ಆಗಿ. ಬರೀ ಡಿಲೀಟ್ ಒತ್ತಿದ್ದರೆ ಅಲ್ಲಿ ಸಿಗಬಹುದು. ಲಿನಕ್ಸ್, ಮ್ಯಾಕ್‌ನಲ್ಲಿ ಅಳಿಸಿದ್ದರೂ ಡ್ರೈವ್ ಒಳಗೆ ಅಡಗಿದ ಟ್ರ್ಯಾಶ್ ಫೋಲ್ಡರ್ ಇರುತ್ತೆ. ಶಿಫ್ಟ್ ಒತ್ತಿದ್ದರೆ ಮಾತ್ರ ಬಿನ್ ದಾಟಿ ಹೋಗಿರುತ್ತೆ, ನಮ್ಮ ಹಾಗೆ.

ವಾಟ್ಸಾಪ್, ಮೇಲ್, ಗೆಳೆಯರ ಫೋನ್ ಎಲ್ಲಾ ಹುಡುಕಿ. ನಮಗೆ ಸಿಕ್ಕಿದ್ದು ಮೂವತ್ತು ಸೆಕೆಂಡಿನ ಒಂದು ಸ್ಟೇಟಸ್ ವಿಡಿಯೋ ಮಾತ್ರ.

ಡ್ರೈವ್ ಮುಟ್ಟಬೇಡಿ, ಅದರ ಪ್ರತಿ ಮುಟ್ಟಿ

ಮುಂದಿನ ಹೆಜ್ಜೆ ಇಮೇಜ್ ತೆಗೆಯೋದು. ಡ್ರೈವ್‌ನ ಮೊದಲ ಸೆಕ್ಟರ್‌ನಿಂದ ಕೊನೆಯ ಸೆಕ್ಟರ್ ತನಕ, ಖಾಲಿ ಅಂತ ಬರೆದಿರೋ ಜಾಗವನ್ನೂ ಸೇರಿಸಿ, ಇದ್ದದ್ದು ಇದ್ದ ಹಾಗೆ ಇನ್ನೊಂದು ಡ್ರೈವ್‌ಗೆ ನಕಲು ಮಾಡೋದು. ಮಾಮೂಲಿ ಕಾಪಿ-ಪೇಸ್ಟ್ ಇದಕ್ಕೆ ಆಗೋದಿಲ್ಲ, ಅದು ಉತಾರದಲ್ಲಿ ಇರೋದನ್ನ ಮಾತ್ರ ನೋಡುತ್ತೆ. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅನ್ನೋ ಉಚಿತ ತಂತ್ರಾಂಶ ಇದೆ. ಕೆಟ್ಟ ಸೆಕ್ಟರ್ ಸಿಕ್ಕರೆ ನಿಲ್ಲದೆ ಮುಂದೆ ಹೋಗಿ, ಚೆನ್ನಾಗಿರೋದನ್ನ ಮೊದಲು ಉಳಿಸಿ, ಕೆಟ್ಟದ್ದನ್ನ ಆಮೇಲೆ ಮತ್ತೆ ಪ್ರಯತ್ನಿಸುತ್ತೆ.

ಗೆಳೆಯರೊಬ್ಬರಿಂದ 2 ಟಿಬಿ ಡ್ರೈವ್ ಎರವಲು ತಂದೆವು. ಸೆಕೆಂಡಿಗೆ 100 ಎಂಬಿ ವೇಗ ಅಂದ್ರೂ 1 ಟಿಬಿಗೆ 10,000 ಸೆಕೆಂಡ್, ಅಂದ್ರೆ ಎರಡೂಮುಕ್ಕಾಲು ಗಂಟೆ ಬೇಕು. ಊಟ ಮಾಡಿ ಬಂದೆವು, ಇನ್ನೂ ನಡೀತಿತ್ತು. ಬೇಜಾರು ಮಾಡ್ಕೋಬೇಡಿ. ಇಮೇಜ್ ಕೈಗೆ ಬಂದ ಮೇಲೆ ಎಷ್ಟು ಸಲ ತಪ್ಪು ಮಾಡಿದರೂ ಮೂಲಕ್ಕೆ ಏಟು ಬೀಳೋದಿಲ್ಲ.

ಕಮಾಂಡ್ ಹಾಕುವಾಗ ಯಾವುದು ಮೂಲ, ಯಾವುದು ಗುರಿ ಅಂತ ಇಬ್ಬರು ಕೂತು ಓದಿ. ಅದಲುಬದಲಾದರೆ ಉಳಿದಿದ್ದೂ ಹೋಗುತ್ತೆ.

ಹೆಸರಿನ ಮೇಲೆ ಹುಡುಕೋದು, ಗುರುತಿನ ಮೇಲೆ ಹುಡುಕೋದು

ಹುಡುಕೋಕೆ ಎರಡು ದಾರಿ. ಮೊದಲನೆಯದು ಅಳಿಸಿದ ಎಂಟ್ರಿ ಓದಿ, ಅದರಲ್ಲಿರೋ ವಿಳಾಸಕ್ಕೆ ಹೋಗಿ ಫೈಲ್ ಎತ್ತೋದು. ಟೆಸ್ಟ್‌ಡಿಸ್ಕ್, ರೆಕುವಾ, ಮೈಕ್ರೋಸಾಫ್ಟ್ 2020ರಲ್ಲಿ ಕೊಟ್ಟ ವಿಂಡೋಸ್ ಫೈಲ್ ರಿಕವರಿ ಈ ಕೆಲಸ ಮಾಡುತ್ತವೆ. ಹೆಸರು ಸಮೇತ ಫೈಲ್ ಸಿಗೋದು ಇದರ ಲಾಭ. ಯಾವಾಗಲೂ ಇದನ್ನೇ ಮೊದಲು ಮಾಡಿ.

ನಮಗೆ ಇದು ಕೈ ಕೊಟ್ಟಿತು. ಫೋಲ್ಡರ್‌ನ ಎಂಟ್ರಿಗಳೂ ಒಂದು ಕ್ಲಸ್ಟರ್‌ನಲ್ಲೇ ಇರುತ್ತವೆ. ನಮ್ಮ ಸೆಟಪ್ ಬಂದು ಕೂತಿದ್ದು ಅಲ್ಲಿಂದಲೇ ಶುರುವಾಗಿ. ಹೊಲಕ್ಕಿಂತ ಮೊದಲು ಉತಾರವೇ ಹೋಗಿತ್ತು.

ಎರಡನೆಯ ದಾರಿಗೆ ಕಾರ್ವಿಂಗ್ ಅಂತಾರೆ. ಇದರಲ್ಲಿ ಉತಾರದ ಹಂಗೇ ಇಲ್ಲ. ಪ್ರತಿ ಬಗೆಯ ಫೈಲ್‌ಗೂ ಶುರುವಿನಲ್ಲಿ ಒಂದು ಗುರುತು ಇರುತ್ತೆ. ವೇವ್ ಫೈಲ್ ಆದ್ರೆ ಮೊದಲ ನಾಲ್ಕು ಬೈಟ್ ಆರ್, ಐ, ಎಫ್, ಎಫ್ ಅನ್ನೋ ಅಕ್ಷರಗಳು. ಅದರ ಮುಂದಿನ ನಾಲ್ಕು ಬೈಟ್‌ನಲ್ಲಿ ಫೈಲ್‌ನ ಉದ್ದ. ಇಡೀ ಡ್ರೈವ್ ಓದುತ್ತಾ ಹೋಗಿ, ಈ ಗುರುತು ಕಂಡಲ್ಲಿ ನಿಂತು, ಉದ್ದ ನೋಡಿ ಅಷ್ಟನ್ನ ಕತ್ತರಿಸಿ ತೆಗೆಯೋದು. ಫೋಟೋರೆಕ್ ಅನ್ನೋ ಉಚಿತ ತಂತ್ರಾಂಶ ಇದನ್ನ ಮಾಡುತ್ತೆ. ಟೆಸ್ಟ್‌ಡಿಸ್ಕ್ ಬರೆದ ಕ್ರಿಸ್ಟೋಫ್ ಗ್ರೆನಿಯರ್ ಅವರದ್ದೇ ಇದು. ಹೆಸರಿನಲ್ಲಿ ಫೋಟೋ ಇದ್ದರೂ ನೂರಾರು ಬಗೆಯ ಫೈಲ್ ಹುಡುಕುತ್ತೆ.

ಮೊದಲ ಸಲ ಎಲ್ಲ ಬಗೆಯನ್ನೂ ಹುಡುಕೋಕೆ ಬಿಟ್ಟೆವು. ಆಗ ಬಂದದ್ದು ನೋಡಿ ಗಾಬರಿ ಆಯ್ತು: ಆ ಡ್ರೈವ್ ಮೊದಲು ಇಟ್ಟುಕೊಂಡಿದ್ದ ಸೀನಿಯರ್ ಯಾವಾಗಲೋ ಅಳಿಸಿದ್ದ ಮನೆಯ ಫೋಟೋಗಳು. ಅಲ್ಲೇ ನಿಲ್ಲಿಸಿ, ಬಂದಿದ್ದನ್ನೆಲ್ಲಾ ತೆಗೆದು, 'ರಿಫ್' ಒಂದೇ ಗುರುತು ಹಾಕಿ ಮತ್ತೆ ಶುರು ಮಾಡಿದೆವು. (ಅದೇ ಗುಂಪಿಗೆ ಸೇರೋ ಹಳೇ ಎವಿಐ ಸಿನಿಮಾಗಳೂ ಸಾಲಾಗಿ ಬಂದವು, ಅದು ಬೇರೆ ಮಾತು.) ನೀವು ಹಳೆಯ ಡ್ರೈವ್ ಮಾರುವಾಗ, ಜೂನಿಯರ್‌ಗೆ ಕೊಡುವಾಗ ಇದು ನೆನಪಿರಲಿ. ಕ್ವಿಕ್ ಫಾರ್ಮ್ಯಾಟ್ ಕೂಡ ಹೊಸ ಉತಾರ ಬರೆಯುತ್ತೆ ಅಷ್ಟೇ. ವಿಂಡೋಸ್‌ನಲ್ಲಿ ಕ್ವಿಕ್ ಅನ್ನೋ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದರೆ ಹೊಲದ ತುಂಬಾ ಸೊನ್ನೆ ಬರೆಯುತ್ತೆ.

ಸಿಕ್ಕಿದ್ದು ಎಷ್ಟು?

ಎರಡನೇ ಸುತ್ತಿನಲ್ಲಿ ನಮ್ಮ 31 ಪದ ಪೂರ್ತಿ ಸಿಕ್ಕವು. ಆದ್ರೆ ಹೆಸರಿಲ್ಲ. ಫೋಟೋರೆಕ್ ಕೊಡೋ ಹೆಸರು ಎಫ್ ಅಕ್ಷರ, ಅದರ ಮುಂದೆ ಒಂದು ದೊಡ್ಡ ನಂಬರ್. ಆ ನಂಬರ್ ಅಂದ್ರೆ ಫೈಲ್ ಸಿಕ್ಕಿದ ಸೆಕ್ಟರ್. ಇದು ಗೊತ್ತಾದಾಗ ಒಂದು ಉಪಾಯ ಹೊಳೆಯಿತು. ಹಾಡುಗಳನ್ನ ಒಂದರ ಹಿಂದೆ ಒಂದು ಕಾಪಿ ಮಾಡಿದ್ದೆವು, ಆದ್ದರಿಂದ ಡಿಸ್ಕ್ ಮೇಲೂ ಅದೇ ಸಾಲಿನಲ್ಲಿ ಇರಬೇಕು. ಬಮ್ಮಿಗಟ್ಟಿಯಲ್ಲಿ ಕೂತು ಯಾರು ಯಾವ ಪದ ಹಾಡಿದರು ಅಂತ ಸಾಲಾಗಿ ನೋಟ್‌ಬುಕ್‌ನಲ್ಲಿ ಬರೆದಿದ್ದೆವು. ಫೈಲ್‌ಗಳನ್ನ ನಂಬರ್ ಪ್ರಕಾರ ಜೋಡಿಸಿ, ನೋಟ್‌ಬುಕ್ ಪಕ್ಕದಲ್ಲಿಟ್ಟು ಕೇಳ್ತಾ ಹೋದೆವು. ಸಿಕ್ಕಿದ ಮೊದಲ ಫೈಲ್ ನೋಟ್‌ಬುಕ್‌ನ 8ನೇ ಪದ. ಕೊನೆಯದು 38ನೇ ಪದ. ಸಾಲು ಎಲ್ಲೂ ತಪ್ಪಲಿಲ್ಲ.

ಸಾಲಾಗಿ ಇದ್ದದ್ದು ನಮ್ಮ ಅದೃಷ್ಟ. ಜಾಗ ಚೂರು ಚೂರಾಗಿದ್ದರೆ ಒಂದು ಫೈಲ್‌ನ ತುಂಡುಗಳು ಹತ್ತು ಕಡೆ ಬೀಳುತ್ತವೆ, ಕಾರ್ವಿಂಗ್‌ಗೆ ಎರಡನೇ ತುಂಡು ಎಲ್ಲಿದೆ ಅಂತ ಗೊತ್ತಾಗೋದಿಲ್ಲ. ಇದಕ್ಕೆ ದೊಡ್ಡ ಉದಾಹರಣೆ ಇದೆ. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ ಒಡೆದು ಬಿತ್ತು. ಅವಶೇಷಗಳ ಜೊತೆ ಸುಟ್ಟು ಕರಕಲಾದ ಒಂದು ಹಾರ್ಡ್ ಡ್ರೈವ್ ಸಿಕ್ಕಿತು. ಅದರಲ್ಲಿ ಕ್ಸೆನಾನ್ ಅನಿಲದ ಮೇಲೆ ನೌಕೆಯಲ್ಲಿ ನಡೆಸಿದ ಪ್ರಯೋಗದ ಡೇಟಾ ಇತ್ತು. ಕ್ರೋಲ್ ಆನ್‌ಟ್ರ್ಯಾಕ್ ಕಂಪನಿಯ ತಜ್ಞರು ಅದರಲ್ಲಿ ಸುಮಾರು 99% ಡೇಟಾ ವಾಪಸ್ ತೆಗೆದರು, ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯ್ತು. ಆ ಯಂತ್ರ ಹಳೆಯ ಡಾಸ್ ಮೇಲೆ ನಡೀತಿತ್ತು, ಡೇಟಾ ಚದುರದೆ ಒಂದೇ ಕಡೆ ಇತ್ತು, ಡಿಸ್ಕ್‌ನ ಹಾಳಾದ ಭಾಗದಲ್ಲಿ ಏನೂ ಬರೆದಿರಲಿಲ್ಲ. ಆಕಾಶದಿಂದ ಬಿದ್ದ ಡ್ರೈವ್‌ನಲ್ಲಿ ಉಳಿದದ್ದು, ನಮ್ಮ ರೂಮಿನ ಮೇಜಿನ ಮೇಲಿದ್ದ ಡ್ರೈವ್‌ನಲ್ಲಿ ಉಳಿಯಲಿಲ್ಲ. ಯಾಕಂದ್ರೆ ಅದರ ಮೇಲೆ ಯಾರೂ ಸೆಟಪ್ ಕಾಪಿ ಮಾಡಿರಲಿಲ್ಲ.

ತಲೆ ಇಲ್ಲದ ಏಳನೇ ಪದ

1ರಿಂದ 6ರ ತನಕ ಪೂರ್ತಿ ಹೋಗಿದ್ದವು. ಆರು ಪದಕ್ಕೆ ಸುಮಾರು 380 ಎಂಬಿ, ಸೆಟಪ್ 400. ಹಾಗಿದ್ರೆ 7ನೇ ಪದದಲ್ಲಿ ಹೋಗಿರೋದು ಮೊದಲ 20 ಎಂಬಿ ಮಾತ್ರ, ಅಂದ್ರೆ ಎರಡು ನಿಮಿಷಕ್ಕಿಂತ ಕಡಿಮೆ. ಉಳಿದ ನಾಲ್ಕು ನಿಮಿಷ ಎಲ್ಲಿ? ಅಲ್ಲೇ ಇದೆ, ಆದ್ರೆ ಶುರುವಿನ ಗುರುತು ಹೋಗಿದ್ದರಿಂದ ಫೋಟೋರೆಕ್‌ಗೆ ಅದು ಹಾಡು ಅಂತಲೇ ಗೊತ್ತಾಗಲಿಲ್ಲ.

8ನೇ ಪದ ಯಾವ ಸೆಕ್ಟರ್‌ನಲ್ಲಿ ಶುರುವಾಗುತ್ತೆ ಅಂತ ನಮಗೆ ಗೊತ್ತಿತ್ತು. ಇಮೇಜ್‌ನಲ್ಲಿ ಅದರ ಹಿಂದಿನ 64 ಎಂಬಿಯನ್ನ ಲಿನಕ್ಸ್‌ನ ಡಿಡಿ ಕಮಾಂಡ್‌ನಿಂದ ಕತ್ತರಿಸಿ ತೆಗೆದೆವು. ಆಡಾಸಿಟಿಯಲ್ಲಿ ಕಚ್ಚಾ ಡೇಟಾ ಇಂಪೋರ್ಟ್ ಮಾಡೋ ಆಯ್ಕೆ ಇದೆ. 16 ಬಿಟ್, ಸ್ಟೀರಿಯೋ, 44,100 ಅಂತ ನಾವೇ ಹೇಳಿ ಅದನ್ನ ತೆರೆದೆವು. ಮೊದಲು ಘರ್ರ್ ಅನ್ನೋ ಗದ್ದಲ, ಅದು ಸೆಟಪ್‌ನ ಕಂಪ್ರೆಸ್ ಆದ ಡೇಟಾ. ಎರಡು ನಿಮಿಷದ ಹತ್ತಿರ ಗದ್ದಲ ತಟ್ಟನೆ ನಿಂತು, ಸಾಲಿನ ನಡುವಿನಿಂದ ಪಕ್ಕದ ಮನೆ ಅಜ್ಜಿಯ ದನಿ ಬಂತು. ಜೋಗುಳ. ಆಗ ರಾತ್ರಿ ಮೂರು ಗಂಟೆ, ನಾಲ್ಕೂ ಜನ ಸುಮ್ಮನೆ ಕೂತು ಕೇಳಿದೆವು.

ಇನ್ನೊಂದು ಮಾತು. ಸಿಕ್ಕಿದ ಫೈಲ್ ತೆರೆದುಕೊಂಡರೆ ಸಾಕು ಅಂತ ಬಿಡಬೇಡಿ, ಕೊನೆ ತನಕ ಕೇಳಿ, ನೋಡಿ. ಉದ್ದ ಸರಿ ಇದ್ದು ಒಳಗೆ ಇನ್ನೇನೋ ತುಂಬಿರಬಹುದು.

ಈ ಉಪಾಯ ನಡೆಯದ ಕಡೆ

ಪೋರ್ಟಬಲ್ ಎಸ್‌ಎಸ್‌ಡಿ ಆದ್ರೆ ಆಸೆ ಕಡಿಮೆ ಇಟ್ಟುಕೊಳ್ಳಿ. ಟ್ರಿಮ್ ಅನ್ನೋ ವ್ಯವಸ್ಥೆ ಕೆಲಸ ಮಾಡ್ತಿದ್ದರೆ, ಡಿಲೀಟ್ ಆದ ಜಾಗ ಯಾವುದು ಅಂತ ಕಂಪ್ಯೂಟರ್ ಡ್ರೈವ್‌ಗೆ ಹೇಳುತ್ತೆ, ಡ್ರೈವ್ ಅದನ್ನ ತಾನೇ ಗುಡಿಸಿ ಹಾಕುತ್ತೆ. ಅಲ್ಲಿ ಹೊಲವೂ ಇಲ್ಲ, ಬೆಳೆಯೂ ಇಲ್ಲ.

ಹಾರ್ಡ್ ಡ್ರೈವ್ ಕಟ್ ಕಟ್ ಅಂತ ಸದ್ದು ಮಾಡ್ತಿದ್ದರೆ ಯಾವ ಸಾಫ್ಟ್‌ವೇರೂ ಬೇಡ. ಕರೆಂಟ್ ತೆಗೆದು ಡೇಟಾ ರಿಕವರಿ ಲ್ಯಾಬ್‌ಗೆ ಕೊಡಿ. ಡಿಸ್ಕ್‌ನ ಮೇಲೆ ಹೆಡ್ ಹಾರಾಡೋದು ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ. ಸ್ಕ್ರೂಡ್ರೈವರ್ ಹಿಡಿದು ರೂಮಿನಲ್ಲಿ ಬಿಚ್ಚಿದರೆ ಒಂದು ಧೂಳಿನ ಕಣ ಸಾಕು.

ಮತ್ತೆ ಬಮ್ಮಿಗಟ್ಟಿ

ಪರೀಕ್ಷೆ ಮುಗಿಸಿ ಮೇ ತಿಂಗಳಲ್ಲಿ ಮತ್ತೆ ಹೋದೆವು. ಹೋದ ಆರು ಪದದಲ್ಲಿ ನಾಲ್ಕು ನಮ್ಮ ಅಜ್ಜಿಯವು. ಬೈಯದೆ ಮತ್ತೆ ಹಾಡಿದರು, ಒಂದೆರಡು ನುಡಿ ಈ ಸಲ ಬೇರೆ ಬಂದವು. ಉಳಿದ ಎರಡು ಪಕ್ಕದ ಮನೆ ಅಜ್ಜಿಯವು. ಅವರಿಗೆ ಫೆಬ್ರವರಿಯಲ್ಲಿ ಲಕ್ವಾ ಹೊಡೆದು ಮಾತು ಹೋಗಿದೆ. ಆ ಎರಡು ಪದ ಬೇರೆ ಯಾರಿಗೂ ಬರೋದಿಲ್ಲ. ನೋಟ್‌ಬುಕ್‌ನಲ್ಲಿ ಅವುಗಳ ಮೊದಲ ಸಾಲು ಮಾತ್ರ ಇದೆ.

ಅವರ ಕಟ್ಟೆ ಮೇಲೆ ಕೂತು ಏಳನೇ ಪದ ಹಾಕಿದೆವು. ನಡುವಿನಿಂದ ಶುರುವಾಗಿದ್ದು ಕೇಳಿ ನಮ್ಮ ಅಜ್ಜಿ, "ಇದರ ಮೊದಲಿಂದು ಎಲ್ಲಿ?" ಅಂದರು. ಹೋಗೈತಿ ಅಂದೆವು. ಅಜ್ಜಿ ಸ್ವಲ್ಪ ಹೊತ್ತು ನೆನೆಸಿಕೊಂಡು ಮೊದಲಿನ ನುಡಿ ತಾವೇ ಹಾಡಿದರು. ಎರಡು ಕಡೆ ತಪ್ಪಿದಾಗ ಆ ಅಜ್ಜಿ ಅಲ್ಲ ಅಂತ ಕೈ ಆಡಿಸಿದರು, ಮೂರನೇ ಸಲಕ್ಕೆ ತಲೆ ಆಡಿಸಿದರು. ಅದನ್ನ ರೆಕಾರ್ಡ್ ಮಾಡಿದ್ದೇವೆ, ನೋಟ್‌ಬುಕ್‌ನಲ್ಲೂ ಬರೆದಿದ್ದೇವೆ.

ಈಗ ಎಲ್ಲಾ ಪದಗಳ ಮೂರು ಪ್ರತಿ ಇವೆ: ಒಂದು ಡ್ರೈವ್‌ನಲ್ಲಿ, ಒಂದು ಲ್ಯಾಪ್‌ಟಾಪ್‌ನಲ್ಲಿ, ಒಂದು ಕ್ಲೌಡ್‌ನಲ್ಲಿ. ತಿಂಗಳಿಗೊಮ್ಮೆ ಯಾವುದಾದರೂ ಒಂದು ತೆರೆದು ಕೇಳ್ತೀವಿ. ಯಾಕಂದ್ರೆ ಬ್ಯಾಕಪ್ ಇದೆ ಅಂದುಕೊಳ್ಳೋದು ಬೇರೆ, ಇರೋದು ಬೇರೆ. ಪಿಕ್ಸರ್‌ನವರು 'ಟಾಯ್ ಸ್ಟೋರಿ 2' ಮಾಡುವಾಗ ಒಂದು ತಪ್ಪು ಕಮಾಂಡ್‌ನಿಂದ ಸಿನಿಮಾದ ಬಹುಪಾಲು ಫೈಲ್ ಅಳಿಸಿಹೋಗಿ, ನೋಡಿದರೆ ಬ್ಯಾಕಪ್ಪೂ ಸರಿ ಇರಲಿಲ್ಲ. ಮಗು ಆಗಿದ್ದರಿಂದ ಮನೆಯಿಂದ ಕೆಲಸ ಮಾಡ್ತಿದ್ದ ಗ್ಯಾಲಿನ್ ಸುಸ್ಮನ್ ಅವರ ಕಂಪ್ಯೂಟರ್‌ನಲ್ಲಿ ಒಂದು ಪ್ರತಿ ಇದ್ದದ್ದರಿಂದ ಸಿನಿಮಾ ಉಳಿಯಿತು.

ನಿಮ್ಮ ಡ್ರೈವ್‌ನಲ್ಲೂ ಒಂದೇ ಪ್ರತಿ ಇರೋ ಫೋಲ್ಡರ್ ಒಂದಿರುತ್ತೆ. ಇವತ್ತು ರಾತ್ರಿ ಅದನ್ನ ಇನ್ನೊಂದು ಕಡೆ ಹಾಕಿ. ಕಟ್ ಬೇಡ, ಕಾಪಿ ಮಾಡಿ.